ಕರೆಂಟು ಸೈಕಲ್ಲು

ರಸ್ತೆ ದಾಟುವಾಗ ನಾನು ಕಿವಿಯನ್ನು ನಂಬುವುದಿಲ್ಲ. ಬಲಕ್ಕೆ ನೋಡುತ್ತೇನೆ, ಎಡಕ್ಕೆ ನೋಡುತ್ತೇನೆ, ಮತ್ತೆ ಬಲಕ್ಕೆ ತಿರುಗುತ್ತೇನೆ. ಅಷ್ಟರಲ್ಲಿ ಎಡಗಡೆಯಿಂದ ಇನ್ನೊಂದು ಗಾಡಿ ಬಂದಿರುತ್ತದೆ, ಮೊದಲಿನಿಂದ ಶುರು. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಮುಂದೆ ಮಗಳು ತಾಳ್ಮೆಗೆಟ್ಟು ನನ್ನ ಕೈ ಹಿಡಿದು ದರದರ ಎಳೆದುಕೊಂಡು ಹೋಗುತ್ತಾಳೆ. "ಅಮ್ಮ, ನೀನು ರಸ್ತೆ ದಾಟ್ತಿದೀಯೋ, ದೇವಸ್ಥಾನ ಸುತ್ತುತಿದೀಯೋ?" ಅನ್ನುತ್ತಾಳೆ. ನಗುತ್ತೇನೆ. ನಗದೆ ಏನು ಮಾಡಲಿ.

ಮೊನ್ನೆ ಅದೇ ಬಸ್ ಸ್ಟ್ಯಾಂಡಿನ ಹತ್ತಿರ ಬ್ಯಾಟರಿ ಸ್ಕೂಟರೊಂದು ಉಸಿರೆತ್ತದೆ ಬಂದು ನನ್ನ ಸೆರಗು ಸವರಿಕೊಂಡು ಹೋಯಿತು. ಓಡಿಸುತ್ತಿದ್ದ ಹುಡುಗಿ ಹಿಂದಕ್ಕೆ ತಿರುಗಿ "ಸಾರಿ ಆಂಟಿ" ಅಂದಳು. ಒಳ್ಳೆಯ ಹುಡುಗಿ. ನಾನು ಮಾತ್ರ ಬಾಳೆಹಣ್ಣಿನ ತಳ್ಳುಗಾಡಿ ಹಿಡಿದುಕೊಂಡು ನಿಂತುಬಿಟ್ಟೆ. "ಏಟು ಬಿತ್ತಾ ಅಕ್ಕ?" ಅಂತ ಹಣ್ಣಿನವನು ಸ್ಟೂಲು ಕೊಟ್ಟ. ಏಟು ಬಿದ್ದಿರಲಿಲ್ಲ. ಇಂಥ ಗಾಡಿಗಳು ಶೋರೂಮುಗಳಲ್ಲಿ ಸಾಲಾಗಿ ನಿಲ್ಲುವುದಕ್ಕೆ ಎಷ್ಟೋ ವರ್ಷ ಮೊದಲೇ ನಮ್ಮ ಮನೆಯಲ್ಲಿ ಅಂಥದ್ದೊಂದು ಇತ್ತು. ಅದನ್ನು ಹೇಳುವ ಬದಲು ಒಂದು ಡಜನ್ ಹಣ್ಣು ತೆಗೆದುಕೊಂಡು ಬಂದೆ.

ಹೊಲಿಗೆಯವಳು ನಾನು. ಎಲ್ಲಿಂದ ಮಾತು ಶುರು ಮಾಡಿದರೂ ಹೊಲಿಗೆ ಮೆಷಿನ್ನಿಗೇ ಬಂದು ನಿಲ್ಲುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನನ್ನ ತವರು ಉಡಿಗಾಲ. ಅಪ್ಪನ ಹತ್ತಿರ ಒಂದು ದೊಡ್ಡ ಕರಿ ಸೈಕಲ್ಲಿತ್ತು. ಅವರು ಮಧ್ಯಾಹ್ನ ಊಟ ಮಾಡಿ ಮಲಗಿದಾಗ ನಾನು ಅದನ್ನು ಕದ್ದು ತಳ್ಳಿಕೊಂಡು ಹೋಗಿ ಒಳಪೆಡಲು ಹೊಡೆಯುತ್ತಿದ್ದೆ. ಸೀಟಿಗೆ ಕಾಲು ಎಟುಕದ ಮಕ್ಕಳು ನಡುಗಂಬಿಯ ಕೆಳಗೆ ಒಂದು ಕಾಲು ತೂರಿಸಿ, ಮೈಯೆಲ್ಲ ಒಂದು ಕಡೆಗೆ ಸೊಟ್ಟ ಮಾಡಿಕೊಂಡು ತುಳಿಯುತ್ತಾರಲ್ಲ, ಅದು. ಒಮ್ಮೆ ಹಾಗೇ ಹೋಗಿ ಅರಿಶಿನದ ಹೊಲಕ್ಕೆ ನುಗ್ಗಿ, ಲಂಗ ಚೈನಿಗೆ ಸಿಕ್ಕಿ, ಸೈಕಲ್ಲನ್ನು ಮೈಮೇಲೆ ಹಾಕಿಕೊಂಡು ಬಿದ್ದೆ. ಅವ್ವ ಬಂದು ಲಂಗ ಕತ್ತರಿಸಿ ಬಿಡಿಸಿದಳು. ನನಗೆ ಬಿದ್ದ ಏಟಿಗಿಂತ ಲಂಗಕ್ಕೆ ಬಿದ್ದ ಕತ್ತರಿಗೇ ಹೆಚ್ಚು ಮರುಗಿದಳು. "ಇನ್ನೊಂದ್ಸಲ ಸೈಕಲ್ ಮುಟ್ಟುದ್ರೆ ಕಾಲ್ ಮುರಿತಿನಿ ಕಣಮ್ಮಿ" ಅಂದವಳು, ಆ ಕಾಲಿಗೆ ಏನಾದರೂ ಕೆಲಸ ಇರಲಿ ಅಂತ ಅಪ್ಪನಿಗೆ ಹೇಳಿ ಒಂದು ಹಳೆಯ ಹೊಲಿಗೆ ಮೆಷಿನ್ ತರಿಸಿದಳು.

ಅದು ತಿಂಗಳಿಗೊಮ್ಮೆ ಕೆಡುತ್ತಿತ್ತು. ರಿಪೇರಿಗೆ ಬೇಗೂರಿನಿಂದ ಒಬ್ಬರು ಸೈಕಲ್ಲಿನಲ್ಲಿ ಬರುತ್ತಿದ್ದರು, ಹಿಂದಿನ ಕ್ಯಾರಿಯರಿನಲ್ಲಿ ತಗಡಿನ ಪೆಟ್ಟಿಗೆ ಕಟ್ಟಿಕೊಂಡು. ಬೇಗೂರೆಲ್ಲಿ, ಉಡಿಗಾಲವೆಲ್ಲಿ! ಅಷ್ಟು ದೂರ ತುಳಿದುಕೊಂಡು ಬಂದು, ಜಗಲಿಯಲ್ಲಿ ಕೂತು, ಒಂದು ಚೊಂಬು ನೀರು ಕುಡಿದು, ಮೆಷಿನ್ನಿನ ತಲೆಯನ್ನು ಹಿಂದಕ್ಕೆ ಮಲಗಿಸಿ ಎಣ್ಣೆ ಬಿಡುತ್ತಿದ್ದರು. ಮೆಷಿನ್ ಅಷ್ಟೊಂದು ಸಲ ಯಾಕೆ ಕೆಡುತ್ತಿತ್ತು ಅನ್ನುವುದನ್ನು ಮದುವೆಯಾದ ಮೇಲೆ ಅವರು ಕೇಳಿದರು. ನಾನು ಹೇಳಲಿಲ್ಲ. ಹೆಸರು ಸಿದ್ದರಾಜು. ಈಗ ಗಂಡನ ಹೆಸರು ಹೇಳಿದರೆ ಬಯ್ಯುವವರು ಯಾರೂ ಇಲ್ಲ.

ಬೇಗೂರಿಗೆ ಬಂದು ನಾನು ಹೆದ್ದಾರಿಯ ಪಕ್ಕದ ಮನೆಯಲ್ಲೇ ರವಿಕೆ ಹೊಲಿಯುತ್ತ ಕೂತೆ. ಅವರು ಸುತ್ತಿನ ಊರುಗಳಿಗೆ ಹೋಗಿ ಬರುತ್ತಿದ್ದರು. ಎಲ್ಲ ಊರಲ್ಲೂ ಒಂದೆರಡು ಮೆಷಿನ್ ಇದ್ದೇ ಇರುತ್ತವೆ, ಯಾವುದಾದರೊಂದು ಕೆಟ್ಟೇ ಇರುತ್ತದೆ. ಯಾರೂ ಅಷ್ಟು ಭಾರದ್ದನ್ನು ಹೊತ್ತು ಬಸ್ಸಿಗೆ ಹತ್ತಿಸಿಕೊಂಡು ಬರುವುದಿಲ್ಲ. ರಿಪೇರಿಯವನೇ ಹೋಗಬೇಕು. ಅವರ ಜೀವನ ಅಂದರೆ ಅಷ್ಟೇ, ತುಳಿಯುವುದು ಮತ್ತು ತುಳಿಯುವ ಮೆಷಿನ್ನುಗಳನ್ನು ಸರಿ ಮಾಡುವುದು.

ಚಾಮರಾಜನಗರ ಜಿಲ್ಲೆಯಾಗಿ ಹತ್ತು ವರ್ಷ ಆಗಿತ್ತೇನೋ, ಒಂದು ಬೇಸಿಗೆಯಲ್ಲಿ ಅವರಿಗೆ ಎದೆನೋವು ಬಂತು. ಬೆಳಗ್ಗೆ ಸೈಕಲ್ಲು ಏರಿದವರು ಊರಾಚೆ ಇಳಿದು ತಳ್ಳಿಕೊಂಡು ವಾಪಸು ಬಂದರು. ಅಂಗಿ ಒದ್ದೆ. "ಯಾಕೋ ಚಕ್ರ ಉರುಳ್ತಾನೆ ಇಲ್ಲ ಕಣಮ್ಮಿ, ಬ್ರೇಕು ಕಚ್ಚಿಕಂಡದ ನೋಡು" ಅಂದರು. ಬ್ರೇಕು ಸರಿಯಾಗೇ ಇತ್ತು. ಮೈಸೂರಿಗೆ ಕರೆದುಕೊಂಡು ಹೋದೆವು. ವಾರಗಟ್ಟಲೆ ಅಲ್ಲಿದ್ದು, ಮನೆಗೆ ಕಳಿಸುವಾಗ ಡಾಕ್ಟರು ಒಳಗೆ ಕೂರಿಸಿಕೊಂಡು ಹೇಳಿದರು: ಎದೆಗೆ ಮೊದಲಿನ ಶಕ್ತಿ ಇಲ್ಲ, ಮತ್ತೆ ಬರುವುದೂ ಇಲ್ಲ. ನಿಧಾನಕ್ಕೆ ನಡೆಯಬಹುದು. ಭಾರ ಎತ್ತಬಾರದು. ಸೈಕಲ್ ಮುಟ್ಟಲೇಬಾರದು.

ಮನೆಯಲ್ಲಿ ಕೂತರು. ಕೂತ ಗಂಡಸು ಎಂಥ ತೊಂದರೆ ಅನ್ನುವುದು ಆಗ ನನಗೆ ಗೊತ್ತಾಯಿತು. ನಾನು ಹೊಲಿಯುತ್ತಿದ್ದರೆ ಪಕ್ಕದಲ್ಲೇ ಮಣೆ ಹಾಕಿಕೊಂಡು ಮೆಷಿನ್ನಿನ ಸದ್ದು ಕೇಳುತ್ತ ಕೂರುವರು. "ಶಟ್ಲು ಬಡೀತಾ ಅದ, ನಿಲ್ಸು" ಅನ್ನುವರು. ಬಿಚ್ಚುವರು. ಏನೂ ಇರುತ್ತಿರಲಿಲ್ಲ. ಮತ್ತೆ ಜೋಡಿಸುವರು. ಒಂದು ರವಿಕೆಗೆ ಮೂರು ಸಲ ಬಿಚ್ಚಿದ್ದೂ ಉಂಟು. ನಾನು ರೇಗಿದರೆ ಹೊರಗೆ ಹೋಗಿ ಗೋಡೆಗೆ ಒರಗಿಸಿಟ್ಟ ಸೈಕಲ್ಲಿನ ಧೂಳು ಒರೆಸುತ್ತ ನಿಲ್ಲುವರು.

ಮೊಪೆಡ್ ತೆಗೆದುಕೊಳ್ಳಿ ಅಂತ ಊರೆಲ್ಲ ಬುದ್ಧಿ ಹೇಳಿತು. ಪಕ್ಕದ ಮನೆಯವರದನ್ನು ಒಂದು ಸಲ ಓಡಿಸಿಯೂ ನೋಡಿದರು. ಅದನ್ನು ಸ್ಟಾರ್ಟ್ ಮಾಡುವಷ್ಟರಲ್ಲೇ ಏದುಸಿರು. ಆಮೇಲೆ ಅದು ಒಂದೇ ನೆಗೆತಕ್ಕೆ ರಸ್ತೆ ಬಿಟ್ಟು ಎದುರಿನ ಸೂರ್ಯಕಾಂತಿ ಹೊಲದೊಳಗೆ ಹೋಯಿತು. ಹೂಗಳ ಮಧ್ಯೆ ಅವರ ತಲೆಯೊಂದು ಮಾತ್ರ ಕಾಣುತ್ತಿತ್ತು. "ಅದು ನನ್ ಮಾತ್ ಕೇಳಲ್ಲ, ಬುಡು" ಅಂತ ಎದ್ದು ಬಂದರು.

ಮೆಷಿನ್ನಿನ ಬಿಡಿಭಾಗಗಳನ್ನು ಅವರಿಗೆ ಕೊಯಮತ್ತೂರಿನ ಒಂದು ಅಂಗಡಿಯವರು ಕಳಿಸುತ್ತಿದ್ದರು. ಆ ಅಂಗಡಿಯ ಏಜೆಂಟ್ ಒಬ್ಬ ನೋಡಲು ಬಂದಿದ್ದಾಗ ಹೇಳಿದ, ಮಾಮೂಲಿ ಸೈಕಲ್ಲಿಗೇ ಮೋಟಾರು ಕೂರಿಸಬಹುದು, ಚೀನಾದಿಂದ ಬರುತ್ತಿದೆ, ನಮ್ಮ ಬೀದಿಯಲ್ಲೇ ಒಬ್ಬ ಮಾರುತ್ತಾನೆ ಅಂತ. ಅವತ್ತು ರಾತ್ರಿ ಇವರು ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಎರಡನೇ ಮುದ್ದೆ ಹಾಕಿಸಿಕೊಂಡರು.

ಚಾಮರಾಜನಗರಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ಘಟ್ಟ ಇಳಿದು ಕೊಯಮತ್ತೂರಿಗೆ ಹೋದೆವು. ಒಬ್ಬರನ್ನೇ ಕಳಿಸುವಂತಿರಲಿಲ್ಲ, ನಾನೂ ಹೊರಟೆ. ಅಂಗಡಿಯವನು ಬಲು ಮಾತುಗಾರ. "ಪೆಟ್ರೋಲ್ ವೇಂಡಾಂ, ಲೈಸೆನ್ಸ್ ವೇಂಡಾಂ, ಮಿದಿಕ್ಕ ವೇಂಡಾಂ" ಅಂದ. ತುಳಿಯುವುದೇ ಬೇಡವಂತೆ. "ಎಲ್ಲಾ ಬೇಡ, ದುಡ್ಡು ಮಾತ್ರ ಬೇಕು" ಅಂತ ನಾನು ಕನ್ನಡದಲ್ಲಿ ಗೊಣಗಿದ್ದು ಅವನಿಗೆ ಅರ್ಥವಾಗಿ ನಕ್ಕ. ಕೊಟ್ಟದ್ದು ಒಂದು ಚಕ್ರ, ಅದರ ನಡುವೆ ತಟ್ಟೆಯಷ್ಟು ಅಗಲದ ಮೋಟಾರು. ಒಂದಿಷ್ಟು ವೈರು, ಒಂದು ಪುಟ್ಟ ಡಬ್ಬಿ, ತಿರುಗಿಸಿದರೆ ವೇಗ ಕೊಡುವ ಒಂದು ಹಿಡಿ, ಮತ್ತೆ ಕಲ್ಲಿನಂಥ ಬ್ಯಾಟರಿಗಳು. ವಾಪಸು ಬರುವಾಗ ಬಸ್ಸಿನ ಕಂಡಕ್ಟರು, "ಏನಮ್ಮ ಇದು, ಚಕ್ರಕ್ಕೆ ಬಸುರಾಗದ" ಅಂದ. ಘಟ್ಟದ ತಿರುವುಗಳಲ್ಲಿ ಆ ಚಕ್ರವನ್ನು ನಾನು ತೊಡೆಯ ಮೇಲೆ ಮಗುವಿನ ಹಾಗೆ ಹಿಡಿದುಕೊಂಡು ಬಂದೆ.

ಮುಂದಿನ ಚಕ್ರ ಬಿಚ್ಚಿ ಅದನ್ನು ಹಾಕಿದರು. ಬ್ಯಾಟರಿಗಳು ಕ್ಯಾರಿಯರಿನ ಮೇಲೆ ಕೂತವು, ಸಾಮಾನಿನ ಪೆಟ್ಟಿಗೆ ಪಕ್ಕಕ್ಕೆ ಜೋತುಬಿತ್ತು. ಮಳೆ ತಾಗದಿರಲಿ ಅಂತ ನಾನು ಬ್ಯಾಟರಿಗೆ ರೆಕ್ಸಿನ್ನಿನ ಒಂದು ಅಂಗಿ ಹೊಲಿದುಕೊಟ್ಟೆ, ಗುಂಡಿ ಸಮೇತ. ಕೆಲಸವೆಲ್ಲ ಸಲೀಸಾಯಿತು, ಒಂದು ಕಡೆ ಮಾತ್ರ ಕೈ ಕೊಟ್ಟಿತು. ಹಳೆಯ ಸೈಕಲ್ಲಿಗೆ ಕಂಬಿ ಬ್ರೇಕು. ಹಿಡಿ ಒತ್ತಿದರೆ ಕಂಬಿ ಎದ್ದು ರಬ್ಬರು ರಿಮ್ಮಿಗೆ ಒತ್ತಬೇಕು. ಹೊಸ ಚಕ್ರದ ರಿಮ್ಮಿನ ಆಕಾರವೇ ಬೇರೆ, ರಬ್ಬರು ತಾಕುತ್ತಲೇ ಇರಲಿಲ್ಲ. ಬಗ್ಗಿಸಿ ನೋಡಿದರು, ತಗಡು ಕೊಟ್ಟು ನೋಡಿದರು. ಕೊನೆಗೆ ಮುಂದಿನ ಬ್ರೇಕನ್ನೇ ಬಿಚ್ಚಿಟ್ಟರು. "ಹಿಂದ್ಗಡೆ ಬ್ರೇಕು ಅದಲ್ಲ, ಸದ್ಯಕ್ಕ ಸಾಕು. ಮೈಸೂರಿಂದ ಬ್ಯಾರೆ ತರದ್ದು ತರಸ್ತಿನಿ" ಅಂದರು. ತರಿಸುವ ಇರಾದೆ ನಿಜವಾಗಿಯೂ ಇತ್ತು. ಇವತ್ತು, ನಾಳೆ, ಬರುವ ಸೋಮವಾರ.

ಮೊದಲ ದಿನ ಅದನ್ನು ಬೀದಿಗೆ ಇಳಿಸಿದಾಗ ಟೀ ಅಂಗಡಿಯ ಮುಂದಿದ್ದವರೆಲ್ಲ ಎದ್ದು ನಿಂತರು. "ಯಾನ್ಲಾ ಸಿದ್ದ ಇದು, ತುಳ್ಯದೂ ಇಲ್ಲ, ಸದ್ದೂ ಇಲ್ಲ, ಓಯ್ತಾ ಅದ!" ಅಂತ ಯಾರೋ ಕೂಗಿದರು. ಊರಿನ ಬಾಯಲ್ಲಿ ಅದು ಕರೆಂಟು ಸೈಕಲ್ಲಾಯಿತು. ಇವರಿಗೋ ಒಂದು ನಾಚಿಕೆ. ಜನ ನೋಡುವ ಕಡೆ ಸುಮ್ಮಸುಮ್ಮನೆ ಪೆಡಲು ತಿರುಗಿಸುತ್ತ ತುಳಿಯುವವರ ಹಾಗೆ ಹೋಗುವರು; ಊರು ದಾಟಿದ ಮೇಲೆ ಕಾಲು ಇಳಿಬಿಟ್ಟು ಕೂರುವರು. ರಾತ್ರಿ ಕರೆಂಟು ಇದ್ದಾಗ ಚಾರ್ಜಿಗೆ ಹಾಕಬೇಕು. ಕರೆಂಟು ಹೋದರೆ ಮನೆಗೆ ದೀಪ ಇಲ್ಲ ಅನ್ನುವುದಕ್ಕಿಂತ ಸೈಕಲ್ಲಿಗೆ ಊಟ ಇಲ್ಲ ಅನ್ನುವುದೇ ಅವರ ಚಿಂತೆ. ಊರೂರಿನ ಕೆಲಸ ಮತ್ತೆ ಶುರುವಾಯಿತು. ನನ್ನ ಮೆಷಿನ್ನಿಗೆ ಬಿಡುವು ಸಿಕ್ಕಿತು.

ಶ್ರಾವಣದ ಒಂದು ಶನಿವಾರ ನನ್ನನ್ನೂ ಹಿಂದೆ ಕೂರಿಸಿಕೊಂಡು ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟರು. ನಾನು ಬೇಡವೆಂದೆ, ಆದರೂ ಹತ್ತಿ ಕೂತೆ. ಬ್ಯಾಟರಿಯ ಮೇಲೆ ದಿಂಬು ಹಾಕಿಕೊಂಡು ಹೋದ ಹೆಂಗಸು ನಾನೊಬ್ಬಳೇ ಇರಬೇಕು. ಬುಡದಲ್ಲಿ ಸೈಕಲ್ಲು ನಿಲ್ಲಿಸಿ, ಜೀಪು ಹತ್ತಿ ಮೇಲೆ ಹೋಗಿ, ಮಂಜಿನಲ್ಲಿ ದೇವರನ್ನು ನೋಡಿ ಬಂದೆವು. ವಾಪಸು ಬರುವಾಗ ಅರ್ಧ ದಾರಿಗೆ ಬ್ಯಾಟರಿ ಖಾಲಿ. ಅವರು ತುಳಿಯುವಂತಿಲ್ಲ. ಸೀರೆಯುಟ್ಟ ನಾನು ಆ ನಡುಗಂಬಿಯ ಸೈಕಲ್ಲು ಏರುವಂತಿಲ್ಲ. ನಾನು ತಳ್ಳುವುದು, ಅವರು ಹಿಂದೆ ಕೈ ಬೀಸಿಕೊಂಡು ನಡೆಯುವುದು. ಎದುರು ಬಂದವರೆಲ್ಲ ಇವನೆಂಥ ಗಂಡಸು ಅಂತ ನೋಡುವುದು. ಗುಂಡ್ಲುಪೇಟೆಗೆ ತರಕಾರಿ ತುಂಬಲು ಬರುತ್ತಿದ್ದ ಕೇರಳದ ಖಾಲಿ ಲಾರಿಯೊಂದು ನಿಂತಿತು. "ಕೇರಿಕ್ಕೋ ಚೇಚೀ" ಅಂತ ಡ್ರೈವರು ಕೈ ಮಾಡಿ ಕರೆದ. ಖಾಲಿ ಕ್ರೇಟುಗಳ ಮಧ್ಯೆ ಸೈಕಲ್ಲನ್ನೂ ನಮ್ಮನ್ನೂ ಏರಿಸಿಕೊಂಡ. ಇವರು ಅಲ್ಲಿ ಕೂತು ನಗಲು ಶುರು ಮಾಡಿದವರು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಎದೆ ಹಿಡಿದುಕೊಂಡು ನಗುವುದನ್ನು ನೋಡಿ ನನಗೆ ಭಯ. ಅಷ್ಟು ನಕ್ಕದ್ದನ್ನು ಆಮೇಲೆ ನಾನು ನೋಡಲಿಲ್ಲ.

ಅದು ಸಂಕ್ರಾಂತಿಯ ಆಚೀಚೆ. ಬೇಗೂರಿಂದ ಒಳಗೆ ಹೋಗುವ ರಸ್ತೆಯಲ್ಲಿ ಒಂದು ಊರಿದೆ. ಹೆಸರು ಬೇಡ, ಆ ಮನೆಯವರು ಇದ್ದಾರೆ. ಹುರುಳಿ ಕಿತ್ತ ಕಾಲ. ಕಣ ಮಾಡುವ ತಾಪತ್ರಯ ಯಾರಿಗೆ ಬೇಕು, ಹುರುಳಿ ಗಿಡ ತಂದು ಟಾರು ರಸ್ತೆಗೇ ಹಾಸಿಬಿಡುತ್ತಾರೆ. ಲಾರಿ ಬಸ್ಸು ಓಡಾಡಿ ಕಾಳು ಉದುರುತ್ತದೆ. ದೇವೀರಮ್ಮ ಅನ್ನುವ ಮುದುಕಿ, ಇವರ ಸೈಕಲ್ಲು ಬರುತ್ತಿದ್ದ ಕಡೆಗೆ ಬೆನ್ನು ಮಾಡಿ, ಕೋಲಿನಲ್ಲಿ ಹುರುಳಿ ತಿರುವಿ ಹಾಕುತ್ತಿದ್ದಳು. ದಿನವಿಡೀ ರಸ್ತೆಯಲ್ಲೇ ಕೆಲಸ ಮಾಡುವವರಿಗೆ ಕಣ್ಣು ಬೇಕಿಲ್ಲ. ಬರುತ್ತಿರುವುದು ಲಾರಿಯೋ ಟ್ರ್ಯಾಕ್ಟರೋ, ಎಷ್ಟು ದೂರದಲ್ಲಿದೆ, ಯಾವಾಗ ಸರಿದುಕೊಳ್ಳಬೇಕು, ಎಲ್ಲ ಕಿವಿಗೇ ಗೊತ್ತು. ಎದುರಿನಿಂದ ಬಸ್ಸು ಹಾರನ್ ಹೊಡೆದುಕೊಂಡು ಬಂತು. ಹಿಂದಿನಿಂದ ಇವರು ಬೆಲ್ಲು ಹೊಡೆದರಂತೆ. ಬಸ್ಸಿನ ಸದ್ದಿನಲ್ಲಿ ಆ ಕಿಣಿಕಿಣಿ ಎಲ್ಲಿ ಕೇಳಬೇಕು. ಬಸ್ಸಿಗೆ ದಾರಿ ಬಿಡಲು ಅವಳು ಸರಿದದ್ದು ಸೀದಾ ಇವರ ಮುಂದಕ್ಕೆ. ಇವರು ಇದ್ದ ಒಂದೇ ಬ್ರೇಕು ಒತ್ತಿದರು. ಹಿಂದಿನ ಚಕ್ರ ಒಣಗಿದ ಹುರುಳಿ ಗಿಡದ ಮೇಲೆ ಜಾರುತ್ತ ಹೋಯಿತು. ಬ್ಯಾಟರಿಯ ಭಾರವೆಲ್ಲ ಹಿಂದಿನಿಂದ ನೂಕಿತು.

ಇವರಿಗೆ ಮೊಣಕೈ ತರಚಿತು. ದೇವೀರಮ್ಮನ ಸೊಂಟದ ಹತ್ತಿರ ಮೂಳೆ ಮುರಿಯಿತು.

ಜನ ಸೇರಿದರು. ಯಾರೋ ಒಬ್ಬ ಇವರ ಕೆನ್ನೆಗೆ ಹೊಡೆದ. ಆ ಊರಿನಲ್ಲಿ ಇವರು ಬಾಗಿಲು ತುಳಿಯದ ಮನೆ ಇರಲಿಲ್ಲ. ಹೊಡೆದವನ ಮನೆಯ ಮೆಷಿನ್ನನ್ನೂ ಇವರೇ ನೋಡಿದ್ದರು. ನೆಲದ ಮೇಲಿದ್ದ ಮುದುಕಿಯೇ, "ಒಡಿಬ್ಯಾಡ್ರಪ್ಪ, ನಾನೇ ಅಡ್ಡ ಬಂದಿ" ಅಂದಳಂತೆ. ಗುಂಡ್ಲುಪೇಟೆ ಆಸ್ಪತ್ರೆಗೆ ಕರೆದುಕೊಂಡು ಹೋದರು, ಅಲ್ಲಿಂದ ಮೈಸೂರಿಗೆ. ವಯಸ್ಸಾಗಿತ್ತು, ಸಕ್ಕರೆ ಕಾಯಿಲೆಯೂ ಇತ್ತು. ಆಪರೇಷನ್ ಮಾಡಿದರೂ ಕಷ್ಟ, ಬಿಟ್ಟರೂ ಕಷ್ಟ ಅಂದರು. ಕೊಯ್ಯಿಸಿಕೊಳ್ಳುವುದಿಲ್ಲ ಅಂತ ಅವಳೇ ಹಟ ಹಿಡಿದಳು. ಮನೆಗೆ ಕರೆತಂದು ಕಾಲಿಗೆ ಪಟ್ಟಿ ಕಟ್ಟಿಸಿ ಪಡಸಾಲೆಯ ಮಂಚದ ಮೇಲೆ ಮಲಗಿಸಿದರು.

ಅವಳ ಮಗ ಶಿವಮಲ್ಲ, ಬೇರೆಯವರ ಟ್ರ್ಯಾಕ್ಟರು ಓಡಿಸುವವನು. ಊರವರು ಸ್ಟೇಷನ್ನಿಗೆ ಹೋಗೋಣ ಅಂದರಂತೆ. ಅವನು ಬೇಡ ಅಂದ. ಹಾಗಂತ ನಮ್ಮ ಜೊತೆ ಮಾತೂ ಆಡಲಿಲ್ಲ. ನಮ್ಮ ಕೈಲಾದದ್ದನ್ನು ಕೊಡಲು ಹೋದಾಗ ಬಾಗಿಲಲ್ಲೇ ನಿಂತು ಹೆಂಡತಿಯ ಕಡೆ ಕೈ ತೋರಿಸಿ ಹೊರಟುಹೋದ.

ಇವರು ವಾರಕ್ಕೊಮ್ಮೆ ಅಲ್ಲಿಗೆ ಹೋಗತೊಡಗಿದರು. ಸೈಕಲ್ಲು ಮುಟ್ಟಲಿಲ್ಲ, ಬಸ್ಸಿನಲ್ಲಿ. ಬಸ್ಸಿಳಿದು ಊರೊಳಗೆ ನಡೆಯಬೇಕು. ಮನೆಯವರೆಲ್ಲ ಕೆಲಸಕ್ಕೆ ಹೋಗಿರುವ ಹೊತ್ತು ನೋಡಿ ಹೋಗುತ್ತಿದ್ದರು. ಒಂದು ಸಲ ನಾನೂ ಹೋದೆ. ದೇವೀರಮ್ಮ ಮಲಗಿದ್ದಲ್ಲಿಂದಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಇವ್ಳಾ ನಿನ್ ಎಂಡ್ರು? ಕುಂತ್ಕ ಅವ್ವ. ಮಂಚದ್ ಮ್ಯಾಲೇ ಕುಂತ್ಕ, ಮುರ್ದಿರದು ನನ್ ಸ್ವಾಂಟ, ಮಂಚ ಗಟ್ಟಿ ಅದ."

ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಇವರು ಗೋಡೆಗೆ ಒರಗಿ ಏದುಸಿರು ಬಿಡುತ್ತ ಕೂತಿದ್ದರು. ಅವಳು ಅವರನ್ನು ತೋರಿಸಿ, "ಯಮ ಕ್ವಾಣದ್ ಮ್ಯಾಲ್ ಬತ್ತಾನ, ಗಂಟೆ ಸದ್ದು ಕೇಳ್ತದ ಅಂತಿದ್ರು. ಇವ್ನು ನೋಡು, ಸದ್ದೇ ಮಾಡ್ದೆ ಬಂದ್ಬುಟ್ಟ" ಅಂತ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. ಇವರು ನೆಲ ನೋಡಿದರು. ಅದನ್ನು ಕಂಡು ಮುದುಕಿಯ ಮುಖವೂ ಇಳಿಯಿತು.

"ತಮಾಸ್ಗ ಅಂದಿ ಕಣ್ಲಾ ಮೊಗ. ನಿನ್ ಎದೆ ನನ್ ಸ್ವಾಂಟಕ್ಕಿಂತ ಕೆಟ್ಟೋಗದ. ಇಷ್ಟ್ ದೂರ ಯಾಕ್ ನಡ್ಕಂಡ್ ಬತ್ತೀಯ?"

"ಬರ್ದೆ ಇರಕ್ಕಾಗಲ್ಲ ಅವ್ವ" ಅಂದರು.

ಅವಳ ಬೆನ್ನು ಹುಣ್ಣಾಗಿತ್ತು. ಸೊಸೆ ಬೆಳಗ್ಗೆ ಸಂಜೆ ಒರೆಸಿ ಪುಡಿ ಹಾಕುತ್ತಿದ್ದಳು, ಅಲಕ್ಷ್ಯ ಮಾಡುವವಳಲ್ಲ. ಆದರೂ ಕೋಣೆಯ ತುಂಬ ಒಂದು ವಾಸನೆ ಇತ್ತು. ನಾನು ಮೃದುವಾದ ಹಳೆಯ ಸೀರೆಗಳನ್ನು ಸೇರಿಸಿ ಒಂದು ಹಾಸಿಗೆ ಹೊಲಿದು ಕಳಿಸಿದೆ. ಹೊಲಿಗೆಯ ಗೆರೆ ಒತ್ತದ ಹಾಗೆ ಅಂಚನ್ನೆಲ್ಲ ಕೆಳಗೆ ಮಡಿಸಿ ಹೊಲಿದಿದ್ದೆ. ಅದು ಎಷ್ಟು ದಿನ ಉಪಯೋಗಕ್ಕೆ ಬಂತೋ. ಯುಗಾದಿಗೆ ಮುಂಚೆ ಜ್ವರ ಬಂದು ಮುದುಕಿ ಹೋಗಿಬಿಟ್ಟಳು.

ಸುದ್ದಿ ಬಂದ ಕೂಡಲೇ ಇಬ್ಬರೂ ಹೊರಟೆವು. ಮನೆಯ ಮುಂದೆ ಜನ. ಹೆಂಗಸರು ನನ್ನನ್ನು ತಡೆಯಲಿಲ್ಲ, ಜಾಗವನ್ನೂ ಬಿಡಲಿಲ್ಲ. ಇವರು ಹಾರ ಹಿಡಿದು ಬಾಗಿಲ ಹತ್ತಿರ ಹೋದರು. ಶಿವಮಲ್ಲ ಒಳಗಿನಿಂದ ಬಂದ. ಇವರ ಮೊಣಕೈ ಹಿಡಿದುಕೊಂಡು ಜನರ ಮಧ್ಯದಿಂದ ನಡೆಸಿಕೊಂಡು ಬೀದಿಯ ತುದಿಯವರೆಗೆ ಬಂದು ಅಲ್ಲಿ ಬಿಟ್ಟ. ಒರಟಾಗಿ ಹಿಡಿಯಲಿಲ್ಲ. ಇವರು ಹೆಣ ಎತ್ತುವವರೆಗೂ ಬಿಸಿಲಲ್ಲೇ ನಿಂತಿದ್ದು, ಎಲ್ಲರೂ ಮುಂದೆ ಹೋದ ಮೇಲೆ, ಆ ಹಾರವನ್ನು ಕೈಯಲ್ಲೇ ಹಿಡಿದು ದೂರದಿಂದ ಹಿಂದೆ ಹೋದರು.

ಮಾರನೆಯ ಬೆಳಗ್ಗೆ ಎದ್ದು ಸ್ಪ್ಯಾನರು ತೆಗೆದುಕೊಂಡು ಕೂತರು. ಮೋಟಾರಿನ ಚಕ್ರ ಬಿಚ್ಚಿದರು. ವೈರು ಸುತ್ತಿಟ್ಟರು. ಬ್ಯಾಟರಿಗಳನ್ನು ಗುಂಡ್ಲುಪೇಟೆಯ ಅಂಗಡಿಯವನೊಬ್ಬ ಬಂದು ಒಯ್ದ. ಹಳೆಯ ಚಕ್ರ ಹಾಕಿ, ಕಂಬಿ ಬ್ರೇಕು ಕೂರಿಸಿ, ಅದನ್ನು ಮಾತ್ರ ಮತ್ತೆ ಮತ್ತೆ ಒತ್ತಿ ನೋಡಿದರು. ಕಚ್ಚಿಕೊಳ್ಳುತ್ತಿತ್ತು. ಪಾಪ, ಅವರ ಮನಸ್ಸು ಒಪ್ಪುತ್ತಿಲ್ಲ, ಬಿಚ್ಚಿಡಲಿ, ಇನ್ನು ಮನೆಯಲ್ಲೇ ಇರುತ್ತಾರೆ ಅಂತ ನಾನು ಅಂದುಕೊಂಡೆ. ವಾರ ಕಳೆದ ಮೇಲೆ ಪೆಟ್ಟಿಗೆ ಕಟ್ಟಿಕೊಂಡು ಹೊರಟು ನಿಂತರು.

"ಎಲ್ಲಿಗೆ?"

"ಕೆಲ್ಸಕ್ಕ."

"ತುಳ್ಕಂಡಾ? ಡಾಕ್ಟ್ರು ಏನಂದವ್ರೆ, ಮರ್ತೋಯ್ತಾ?"

"ಡಾಕ್ಟ್ರು ನನ್ ಎದೆ ನೋಡುದ್ರು. ದೇವೀರಮ್ಮನ ಸ್ವಾಂಟ ನೋಡ್ನಿಲ್ಲ."

ನಾನು ಹ್ಯಾಂಡಲು ಹಿಡಿದುಕೊಂಡೆ. ಅತ್ತೆ. ಬೈದೆ. ಮಗಳನ್ನು ಕಾಲೇಜು ಹಾಸ್ಟೆಲಿನಿಂದ ಕರೆಸಿ ಹೇಳಿಸಿದೆ. ಹೊಸ ಬ್ರೇಕು ತರಿಸಿ ಮೋಟಾರನ್ನೇ ಹಾಕಿಕೊಳ್ಳಿ, ನಿಧಾನಕ್ಕೆ ಓಡಿಸಿ ಅಂದೆ. ಅದಕ್ಕೆ ಅವರು ಜಗಳ ಆಡಲೂ ಇಲ್ಲ. "ಇನ್ ಅದ್ರು ಮ್ಯಾಲ್ ಕೂರಕ್ಕ ನಂಗ್ ಆಗಲ್ಲ ಕಣಮ್ಮಿ" ಅಂದರು. ಮೊದಮೊದಲು ಊರ ಒಳಗೆ, ಆಮೇಲೆ ಪಕ್ಕದ ಊರಿಗೆ, ಆಮೇಲೆ ಇನ್ನೂ ಆಚೆಗೆ. ಇಳಿಜಾರಲ್ಲಿ ಕೂರುತ್ತಿದ್ದರು, ಏರಲ್ಲಿ ತಳ್ಳುತ್ತಿದ್ದರು. ಸಂಜೆ ಬಂದಾಗ ತುಟಿ ನೀಲಿಯಾಗಿರುತ್ತಿತ್ತು. ನಾನು ನೀರು ಕೊಟ್ಟು ಎದುರಿಗೆ ಕೂರುತ್ತಿದ್ದೆ. ಬೈಯುವ ಮಾತುಗಳೆಲ್ಲ ಮುಗಿದುಹೋಗಿದ್ದವು. ಇಬ್ಬರೂ ರಸ್ತೆ ನೋಡುತ್ತ ಕೂರುವುದು. ಹೆದ್ದಾರಿಯಲ್ಲಿ ಲಾರಿಗಳು ಎಷ್ಟೊಂದು ಸದ್ದು ಮಾಡಿಕೊಂಡು ಹೋಗುತ್ತಿದ್ದವು.

ದಸರಾ ಕಳೆದಿತ್ತು. ಬೆಳಗ್ಗೆ ಹೋದವರು. ಊಟದ ಹೊತ್ತಿಗೆ ಮನೆಯ ಮುಂದೆ ಒಂದು ಟ್ರ್ಯಾಕ್ಟರು ಬಂದು ನಿಂತಿತು. ಓಡಿಸುತ್ತಿದ್ದವನು ಶಿವಮಲ್ಲ. ಹಿಂದಿನ ಟ್ರೈಲರಿನಲ್ಲಿ ಇಬ್ಬರು ಮೂವರು ಕೂತಿದ್ದರು. ಒಣಹುಲ್ಲು ಹಾಸಿತ್ತು. ಹುಲ್ಲಿನ ಮೇಲೆ ಇವರಿದ್ದರು, ಮೇಲೆ ಒಂದು ಟವೆಲು ಹೊದಿಸಿತ್ತು. ಪಕ್ಕದಲ್ಲಿ ಸೈಕಲ್ಲು, ಪೆಟ್ಟಿಗೆ.

ನಾನು ಕಿರುಚಿದೆನೋ ಇಲ್ಲವೋ ನನಗೆ ನೆನಪಿಲ್ಲ. ಬೀದಿಯವರು ಓಡಿ ಬಂದದ್ದು ನೋಡಿದರೆ ಕಿರುಚಿರಬೇಕು. ಇಳಿಸಿ ಒಳಗೆ ತಂದು ಮಲಗಿಸಿದರು. ಶಿವಮಲ್ಲ ನನ್ನ ಮುಂದೆ ಬಂದು ನಿಂತ. ಅಷ್ಟು ತಿಂಗಳಲ್ಲಿ ಅವನ ದನಿ ನಾನು ಕೇಳಿಯೇ ಇರಲಿಲ್ಲ. ತೆಳುವಾದ ದನಿ, ಅಷ್ಟು ದೊಡ್ಡ ಆಳಿಗೆ ಹೊಂದದ್ದು.

"ನಮ್ಮೂರ್ ಏರಲ್ಲಿ ಕಣಕ್ಕ. ಸೈಕಲ್ ಇಳ್ದು, ಸ್ಟ್ಯಾಂಡ್ ಹಾಕಿ, ಉಣ್ಸೆ ಮರುಕ್ಕ ಒರಿಕಂಡು ಕುಂತಿದ್ರು. ಬೀಳ್ನಿಲ್ಲ. ಬಿದ್ದಿಲ್ಲ ಅವ್ರು."

ನಾನು ತಲೆಯಾಡಿಸಿದೆ. ಅವನು ಹೋಗಲಿಲ್ಲ. ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಮುಂದಿನ ಚಕ್ರವನ್ನೇ ನೋಡುತ್ತ ನಿಂತ.

"ಮೋಟ್ರು ಎಲ್ಲಕ್ಕ?"

"ಬಿಚ್ಚಾಕ್ಬುಟ್ರು" ಅಂದೆ. "ನಿಮ್ಮವ್ವ ಓದ್ ಮಾರ್ನೇ ದಿನವೇ."

ಏನೋ ಲೆಕ್ಕ ಹಾಕುವವನ ಹಾಗೆ ನನ್ನನ್ನು ನೋಡಿದ, ಒಳಗೆ ಮಲಗಿದ್ದವರನ್ನು ನೋಡಿದ.

"ಅಲ್ಲೀಗಂಟ ತುಳ್ಕಂಡೇ ಬತ್ತಿದ್ರಾ?"

"ಹೂಂ."

"ಯಾರ್ ಬಿಚ್ಚಿ ಅಂದೋರು?" ಅಂದ. "ಅಕ್ಕ, ಯಾರ್ ಅಂದೋರು? ನಾವ್ ಅನ್ನಿಲ್ವಲ್ಲ."

ಅಷ್ಟು ಹೇಳಿ ಜಗಲಿಯ ಮೇಲೆ ಕುಸಿದು ಕೂತ. ಅವನ ಟವೆಲು ಇವರ ಮೈಮೇಲಿತ್ತು, ಮುಖ ಮುಚ್ಚಿಕೊಳ್ಳಲು ಅವನಿಗೆ ಏನೂ ಸಿಗಲಿಲ್ಲ. ಎರಡೂ ಅಂಗೈಯಲ್ಲಿ ಮುಖ ಹಿಡಿದುಕೊಂಡ. ಜನ ಬಂದರು, ಹೋದರು, ನನ್ನ ತವರಿನವರು ಬಂದರು. ಯಾರೋ ಅವನಿಗೆ ನೀರು ತಂದುಕೊಟ್ಟರು, ಕುಡಿಯಲಿಲ್ಲ. ಸಂಜೆ ಮಣ್ಣು ಮಾಡುವವರೆಗೂ ಅವನು ಅಲ್ಲಿಂದ ಏಳಲಿಲ್ಲ.